ಸೋತಾಗ ಹೇಗಿರಬೇಕು?



ನಮ್ಮ ಯಗಟಿ ಸೀಮೆಯಲ್ಲಿ ಮನೆಯ ಮಗನು ಕಾನೂನು ಓದಿದನೆಂದರೆ, ಮುಂದೊಂದು ದಿನ ಆತನು ಚುನಾವಣೆಗೆ ನಿಲ್ಲುವನೆಂದು ಹಿರಿಯರು ನಿರೀಕ್ಷಿಸುವುದುಂಟು. ಗೆಲ್ಲುವ ಬಗೆಯನ್ನು ಎಲ್ಲರೂ ಹೇಳಿಕೊಡುತ್ತಾರೆ. ಸೋತಾಗ ಹೇಗಿರಬೇಕೆಂದು ಹೇಳುವವರು ವಿರಳ. ಅದನ್ನರಿಯಲು ಶ್ರೀ ಎಸ್. ನಿಜಲಿಂಗಪ್ಪನವರ ಬದುಕನ್ನು ನೋಡಬೇಕೆಂದು ನಾವು ಭಾವಿಸುತ್ತೇವೆ.

1902ರ ಡಿಸೆಂಬರ್ 10ರಂದು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ ಜನಿಸಿದ ಅವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿಯನ್ನೂ ಪುಣೆಯಲ್ಲಿ ಕಾನೂನು ವ್ಯಾಸಂಗವನ್ನೂ ಮುಗಿಸಿ, ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ಹಿಡಿದರು. 1939ರಲ್ಲಿ ಅರಣ್ಯ ಸತ್ಯಾಗ್ರಹದ ಕಾಲದಲ್ಲಿ ಸೆರೆಮನೆ ಕಂಡರು. ಸಂವಿಧಾನ ಸಭೆಯ ಸದಸ್ಯರಾಗಿ, ಏಕೀಕರಣದ ಧುರೀಣರಾಗಿ ದುಡಿದು, 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. 1958ರಲ್ಲಿ ಪಕ್ಷದೊಳಗಿನ ಭಿನ್ನಮತದಿಂದ ಆ ಸ್ಥಾನ ಬಿಟ್ಟಾಗ ಶ್ರೀ ಬಿ.ಡಿ. ಜತ್ತಿಯವರು ಅಧಿಕಾರಕ್ಕೆ ಬಂದರು.

1962ರ ಚುನಾವಣೆಯಲ್ಲಿ ಪಕ್ಷವು ಗೆದ್ದಿತು. ಆದರೆ ನಮ್ಮ ಕಡೂರು ತಾಲ್ಲೂಕಿನ ನೆರೆಯ ಹೊಸದುರ್ಗದಲ್ಲಿ ನಿಜಲಿಂಗಪ್ಪನವರೇ ಸೋತರು. ಶ್ರೀ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಗಳಾದರು. ಬಳಿಕ ಬಾಗಲಕೋಟೆಯ ಸ್ಥಾನವನ್ನು ತೆರವು ಮಾಡಿಸಲಾಗಿ, ಅಲ್ಲಿಂದ ಆರಿಸಿ ಬಂದು ಅದೇ ಜೂನ್ ತಿಂಗಳಲ್ಲಿ ನಿಜಲಿಂಗಪ್ಪನವರು ಮತ್ತೆ ಅಧಿಕಾರ ವಹಿಸಿದರು. ಒಂದೂರಿನ ಮತದಾರರು ಬೇಡವೆಂದವರು ಇನ್ನೊಂದೂರಿನಿಂದ ಬರಬಹುದೇ ಎಂದು ಓದುಗರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ನಿಯಮಕ್ಕೆ ವಿರೋಧವಿರಲಿಲ್ಲ, ಆದರೂ ಹೊಸದುರ್ಗದ ತೀರ್ಪಿನ ತೂಕ ಅದರಿಂದ ಕಡಿಮೆಯಾಗದು. ಕೆಲವೇ ತಿಂಗಳಲ್ಲಿ ಕುರ್ಚಿಯಿಂದೆದ್ದು ದಾರಿ ಬಿಟ್ಟ ಕಂಠಿಯವರ ಸೌಜನ್ಯವನ್ನೂ ನಾವು ಮರೆಯಬಾರದು.

ಎರಡನೆಯ ಸೋಲು ಇನ್ನೂ ದೊಡ್ಡದು. 1968ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ಅವರು, 1969ರ ನವೆಂಬರಿನಲ್ಲಿ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರನ್ನೇ ಶಿಸ್ತಿನ ಹೆಸರಿನಲ್ಲಿ ಪಕ್ಷದಿಂದ ಹೊರಹಾಕಿದರು. ಪಕ್ಷ ಇಬ್ಭಾಗವಾಯಿತು. 1971ರ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಅವರ ಪಕ್ಷಕ್ಕೇ ಹೋದವು. ತವರು ನಾಡೇ ಕೈಬಿಟ್ಟಿತು. ಈ ಬಾರಿ ಅವರು ಬೇರೆ ದಾರಿ ಹುಡುಕಲಿಲ್ಲ. ಕ್ರಮೇಣ ರಾಜಕೀಯದಿಂದ ಹಿಂದೆ ಸರಿದು, 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ಲಿಂಗೈಕ್ಯರಾದರು.

ವಾದ ಮಂಡಿಸುವುದು ವಕೀಲರ ಕೆಲಸ, ತೀರ್ಪು ಕೊಡುವುದು ಅವರದಲ್ಲ. ಪಂಚಾಯತಿ ಚುನಾವಣೆಯ ಸೋಲಿಗೆ ಅಣ್ಣತಮ್ಮಂದಿರು ಒಬ್ಬರ ಮನೆಯ ಶುಭಕಾರ್ಯಕ್ಕೆ ಇನ್ನೊಬ್ಬರು ಹೋಗದಿರುವುದನ್ನು ನಾವು ಕಾಣುತ್ತಿದ್ದೇವೆ. ಮಕ್ಕಳಿಗೆ ಕಾನೂನು ಓದಿಸುವ ತಂದೆತಾಯಿಗಳು ಈ ಪಾಠವನ್ನೂ ಜೊತೆಗೆ ಕಲಿಸಲಿ.