ಅವಸರ ಬೇಡ, ಜೋಪಾನ ಮಾಡಿ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಕಪಿಲೆ ಯಾರ ಹಂಗೂ ಇಲ್ಲದೆ ಹರಿದು ಹೋಗುತ್ತಾಳೆ. ಅದೇ ಹಾದಿಯಲ್ಲಿ ನಾಲ್ಕು ಅಂಚೆಚೀಟಿ ಕಳಿಸಬೇಕೆಂದರೆ ಈಗ ಅರವತ್ತೊಂದು ರೂಪಾಯಿ ತೆರಬೇಕು. ಲೆಕ್ಕ ನೋಡಿ: 50 ಗ್ರಾಂ ಒಳಗಿನ ಸ್ಪೀಡ್ ಪೋಸ್ಟ್‌ಗೆ 47 ರೂಪಾಯಿ, ವಿಳಾಸದಾರರ ಕೈಗೇ ಕೊಡಬೇಕೆಂದರೆ ರಿಜಿಸ್ಟ್ರೇಷನ್‌ಗೆ 5 ರೂಪಾಯಿ, ಇವೆರಡರ ಮೇಲೆ ಶೇ 18ರಷ್ಟು ಜಿಎಸ್‌ಟಿ. ಇದೇ ತೂಕದ ಲಕೋಟೆ ಶ್ರೀನಗರಕ್ಕೆ ಹೋದರೂ ದರ ಇಷ್ಟೇ. ಪಕ್ಕದ ತಾಲ್ಲೂಕಿಗೆ ಕಳಿಸುವವನು ಕಾಶ್ಮೀರದ ಬಾಡಿಗೆ ಕಟ್ಟುತ್ತಿದ್ದಾನೆ.

2025ರ ಸೆಪ್ಟೆಂಬರ್ 1ರಂದು ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನ ಮಾಡಿತು. ಅಕ್ಟೋಬರ್ 1ರಿಂದ ಹೊಸ ದರ ಬಂತು. ಅದಕ್ಕೂ ಮೊದಲು 20 ಗ್ರಾಂವರೆಗಿನ ರಿಜಿಸ್ಟರ್ ಪತ್ರಕ್ಕೆ ತೆರಿಗೆ ಸೇರಿ ಸುಮಾರು 26 ರೂಪಾಯಿ ಆಗುತ್ತಿತ್ತು. ಈ ವಿಲೀನವನ್ನು ಇಲಾಖೆ ಸುಧಾರಣೆ ಎಂದು ಕರೆಯಿತು. ಅಂಚೆಚೀಟಿ ಸಂಗ್ರಾಹಕರ ಪಾಲಿಗೆ ಇದು ಬೇಡದ ಸರಕನ್ನು ಕಟ್ಟಿ, ಬೇಕಾದ ಸರಕನ್ನು ಅಂಗಡಿಯಿಂದಲೇ ತೆಗೆದ ಕೆಲಸ. 1950ರ ದಶಕದ ಒಂದು ಲಕೋಟೆ ನಾಳೆಯೇ ತಲುಪಬೇಕೆಂಬ ಆತುರ ಯಾರಿಗೂ ಇಲ್ಲ. ಹತ್ತು ದಿನ ತಡವಾಗಲಿ, ಮಡಚದೆ, ನೆನೆಯದೆ, ಸಹಿ ಹಾಕಿಸಿಕೊಂಡು ಕೊಟ್ಟರೆ ಸಾಕು. ರಿಜಿಸ್ಟರ್ ಪೋಸ್ಟ್ ಮಾಡುತ್ತಿದ್ದದ್ದು ಅದನ್ನೇ.

ಸ್ಟಾಂಪು ಕೂಡಿಹಾಕುವುದು ಉಳ್ಳವರ ಹುಚ್ಚು, ಅದಕ್ಕೇಕೆ ಸರ್ಕಾರದ ರಿಯಾಯಿತಿ ಎಂದು ಕೇಳುವವರಿದ್ದಾರೆ. ಉಳ್ಳವರು ಬೆಂಗಳೂರಿನ ಪ್ರದರ್ಶನಗಳಿಗೆ ಹೋಗಿ, ವ್ಯಾಪಾರಿಯ ಎದುರಿಗೇ ಕೂತು, ಚಿಮುಟದಲ್ಲಿ ಎತ್ತಿ ನೋಡಿ ಕೊಳ್ಳುತ್ತಾರೆ. ಹುಲ್ಲಹಳ್ಳಿಯ ನಿವೃತ್ತ ಮೇಷ್ಟ್ರಿಗೆ, ಬನ್ನೂರಿನ ಹೈಸ್ಕೂಲು ಹುಡುಗಿಗೆ ಆ ಅನುಕೂಲ ಎಲ್ಲಿದೆ? ಅವರಿಗೆ ಅಂಚೆಯೇ ಸಂತೆ, ಅಂಚೆಯೇ ಸಂಘ. ನಿಮ್ಮಲ್ಲಿ ಎರಡಿರುವುದನ್ನು ನನಗೆ ಕೊಡಿ, ನನ್ನಲ್ಲಿರುವುದನ್ನು ನಿಮಗೆ ಕಳಿಸುತ್ತೇನೆ ಎಂಬ ವಿನಿಮಯದ ಮೇಲೆ ಈ ಹವ್ಯಾಸ ನಿಂತಿದೆ. ನಲವತ್ತು ರೂಪಾಯಿಯ ಸ್ಟಾಂಪಿಗೆ ಅರವತ್ತೊಂದು ರೂಪಾಯಿ ಸಾಗಣೆ ಎಂದಾದರೆ ವಿನಿಮಯ ಅಲ್ಲಿಗೆ ಮುಗಿಯಿತು.

ಹಳೆಯ ಪತ್ರಿಕೆ ಕೂಡಿಡುವವರ ಪಾಡು ಇನ್ನೂ ವಿಚಿತ್ರ. ಪುಸ್ತಕಗಳಿಗಿದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಪ್ರಕಾಶಕರು, ಓದುಗರು ಗದ್ದಲ ಮಾಡಿದ ಮೇಲೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು. 300 ಗ್ರಾಂಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ದರಕ್ಕೆ ತಕರಾರಿಲ್ಲ, ತಕರಾರು ಷರತ್ತಿಗೆ. ನಿಯತವಾಗಿ ಹೊರಬರುವ ಪ್ರಕಟಣೆಗಳಿಗೆ ಅಲ್ಲಿ ಜಾಗವಿಲ್ಲ. ಅಂದರೆ ಅರವತ್ತು ವರ್ಷ ಹಿಂದಿನ ‘ಕಸ್ತೂರಿ’ ಅಥವಾ ‘ಚಂದಮಾಮ’ ಸಂಚಿಕೆಯನ್ನು ಗೆಳೆಯನಿಗೆ ಕಳಿಸಿದರೆ ಅದು ಜ್ಞಾನವಲ್ಲ! ನಿಯತಕಾಲಿಕ ಒಮ್ಮೆ ಹಳತಾಯಿತೆಂದರೆ ಅದು ದಾಖಲೆ ಎಂಬುದು ನಿಯಮ ಬರೆದವರ ತಲೆಗೆ ಹೊಳೆದಿಲ್ಲ.

ಕೌಂಟರಿನಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಕಳಿಸುವವನು ಸ್ಟಾಂಪುಗಳನ್ನು ಬೆಣ್ಣೆಕಾಗದದಲ್ಲಿಟ್ಟು, ಎರಡು ರಟ್ಟಿನ ನಡುವೆ ಸೇರಿಸಿ, ಪ್ಲಾಸ್ಟಿಕ್ ಸುತ್ತಿ, ಲಕೋಟೆಯ ಮೇಲೆ ಕೆಂಪಕ್ಷರದಲ್ಲಿ ‘ಮಡಚಬೇಡಿ’ ಎಂದು ಬರೆದು ತಂದಿರುತ್ತಾನೆ. ಹೊರಗೆ ಸುಂದರವಾದ ಸ್ಮಾರಕ ಅಂಚೆಚೀಟಿ ಅಂಟಿಸಿರುತ್ತಾನೆ, ಏಕೆಂದರೆ ತಲುಪಿದ ಲಕೋಟೆಯೂ ಸಂಗ್ರಹಕ್ಕೆ ಸೇರುವ ವಸ್ತು. ಗುಮಾಸ್ತರು ಬಾರ್‌ಕೋಡ್ ಚೀಟಿ ತೆಗೆದು ಸೀದಾ ಆ ಸ್ಟಾಂಪಿನ ಮೇಲೇ ಮೆತ್ತುತ್ತಾರೆ. ಮೊಹರು ಬೀಳದೆ ಉಳಿದರೆ ಬಟವಾಡೆಯ ಕಡೆ ಯಾರೋ ಬಾಲ್‌ಪೆನ್ನಿನಲ್ಲಿ ಗೀಟು ಎಳೆಯುತ್ತಾರೆ. ಅಲ್ಲಿಗೆ ಆ ಲಕೋಟೆಯ ಕಥೆ ಮುಗಿದಂತೆ. ಇಲಾಖೆಯ ಹೊಸ ತಂತ್ರಾಂಶ ರೂಪುಗೊಂಡದ್ದು ನಮ್ಮ ಮೈಸೂರಿನ ಅಂಚೆ ತಂತ್ರಜ್ಞಾನ ಕೇಂದ್ರದಲ್ಲಿ. ಹೆಮ್ಮೆಪಡೋಣ. ಆದರೆ ಚೀಟಿಯನ್ನು ಎರಡು ಇಂಚು ಪಕ್ಕಕ್ಕೆ ಅಂಟಿಸಲು ಯಾವ ತಂತ್ರಾಂಶವೂ ಬೇಡ.

ತಪ್ಪನ್ನು ಪೋಸ್ಟ್‌ಮ್ಯಾನ್ ತಲೆಗೆ ಕಟ್ಟುವುದು ಅನ್ಯಾಯ. ಹಳ್ಳಿಯ ಬಟವಾಡೆಯನ್ನು ಹೊತ್ತಿರುವವರು ಗ್ರಾಮೀಣ ಡಾಕ್ ಸೇವಕರು. ಅವರಿಗೆ ಪೂರ್ಣ ಪ್ರಮಾಣದ ನೌಕರಿಯೂ ಇಲ್ಲ. ಪಾರ್ಸಲ್, ಉಳಿತಾಯ ಖಾತೆ, ವಿಮೆಯ ಗುರಿ ಎಲ್ಲವೂ ಅವರ ಮೇಲೇ. ಜೋಪಾನಕ್ಕೆ ಹೊತ್ತು ಬೇಕು, ಆ ಹೊತ್ತನ್ನು ಕಿತ್ತುಕೊಂಡವರು ಮೇಲಿದ್ದಾರೆ.

ಕಳೆದುಹೋದರೆ ಏನು ಸಿಗುತ್ತದೆ? ಸ್ಪೀಡ್ ಪೋಸ್ಟ್‌ನಲ್ಲಿ ಕಟ್ಟಿದ ದರದ ಎರಡರಷ್ಟು ಅಥವಾ ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅದು. ಚಿಕ್ಕದೇವರಾಜ ಒಡೆಯರು ಕಟ್ಟಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಆ ಕಾಲದ ಮೊಹರು ಹೊತ್ತ ಕಾಗದವೊಂದು ಇಂದು ದಾರಿಯಲ್ಲಿ ಕಾಣೆಯಾದರೆ ಪರಿಹಾರ ನೂರರ ಆಸುಪಾಸು! ವಿಮೆ ಮಾಡಿಸಿ ಎನ್ನುತ್ತಾರೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಲಕೋಟೆಗೆ ಬಿಲ್ಲು ಎಲ್ಲಿಂದ ತರುವುದು? 1898ರ ಕಾಯ್ದೆ ಹೋಗಿ 2024ರ ಜೂನ್‌ನಲ್ಲಿ ಹೊಸ ಅಂಚೆ ಕಾಯ್ದೆ ಜಾರಿಗೆ ಬಂತು. ವಸಾಹತು ಕಾಲದ ಕಾನೂನು ತೊಲಗಿತು ಎಂದರು. ಆದರೆ ನಿಯಮದಲ್ಲಿ ಹೇಳಿದಷ್ಟರ ಹೊರತು ಇಲಾಖೆಗೆ ಹೊಣೆಯಿಲ್ಲ ಎಂಬ ಹಳೆಯ ರಕ್ಷಾಕವಚ ಹೊಸದರಲ್ಲೂ ಹಾಗೇ ಇದೆ.

ಕಾಲ ಬದಲಾಗಿದೆ, ಪತ್ರ ಬರೆಯುವವರಿಲ್ಲ, ಡೆನ್ಮಾರ್ಕಿನ ಅಂಚೆ 2025ರ ಕೊನೆಗೆ ಪತ್ರ ಬಟವಾಡೆಯನ್ನೇ ನಿಲ್ಲಿಸಿತು, ನೀವೇಕೆ ಗೋಳಾಡುತ್ತೀರಿ ಎಂಬ ವಾದವಿದೆ. ರಿಜಿಸ್ಟರ್ಡ್ ಪೋಸ್ಟ್ ಬಳಕೆ 2011-12ರಿಂದ 2019-20ರ ಹೊತ್ತಿಗೆ ಸುಮಾರು ಕಾಲು ಭಾಗ ಇಳಿದದ್ದೂ ನಿಜ. ಇಳಿದ ಮೇಲೂ ವರ್ಷಕ್ಕೆ 18 ಕೋಟಿ ಟಪಾಲಿಗೂ ಮಿಕ್ಕಿ ಉಳಿದಿತ್ತಲ್ಲ! ಖಾಸಗಿ ಕೊರಿಯರ್ ಇದೆಯಲ್ಲ ಎಂಬ ಮಾತೂ ನಡೆಯದು. ತಲಕಾಡಿನ ಆಚೆಯ ಹಳ್ಳಿಗೆ ಕೊರಿಯರ್ ಮಾಡಿ ನೋಡಿ. ‘ಟೌನಿಗೆ ಬಂದು ತಗೊಂಡ್ಹೋಗಿ ಸಾರ್’ ಎಂಬ ಫೋನು ಬರುತ್ತದೆ. ಲಾಭವಿಲ್ಲದ ಕಡೆಗೂ ಹೋಗುವುದಕ್ಕೇ ಸರ್ಕಾರಿ ಅಂಚೆ ಇರುವುದು.

ಈ ನಡುವೆ ಇದೇ ಇಲಾಖೆ ‘ಸ್ಪರ್ಶ್’ ಯೋಜನೆಯಡಿ ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ಅಂಚೆಚೀಟಿ ಸಂಗ್ರಹಕ್ಕಾಗಿ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಒಂದು ಕೈ ಹವ್ಯಾಸ ಬೆಳೆಸುತ್ತದೆ, ಇನ್ನೊಂದು ಕೈ ಅದರ ಬೇರಿಗೆ ಕೊಡಲಿ ಹಾಕುತ್ತದೆ.

ಕೇಳುತ್ತಿರುವುದು ದೊಡ್ಡದೇನಲ್ಲ. 250 ಗ್ರಾಂ ಒಳಗಿನ ಚಪ್ಪಟೆ ಲಕೋಟೆಗಳಿಗೆ ನಿಧಾನದ, ಅಗ್ಗದ, ಸಹಿ ಪಡೆದು ಕೊಡುವ ಸೇವೆಯೊಂದನ್ನು ಮರಳಿ ತನ್ನಿ. ಹಳೆಯ ನಿಯತಕಾಲಿಕಗಳಿಗೆ ಜ್ಞಾನ ಪೋಸ್ಟ್ ತೆರೆಯಿರಿ. ಕೇಳಿದವರಿಗೆ ಕೈಮೊಹರು ಹಾಕಿಕೊಡಿ ಎಂದು ಉಪ ಅಂಚೆ ಕಚೇರಿಗಳಿಗೆ ಸುತ್ತೋಲೆ ಕಳಿಸಿ. ಅದಕ್ಕೆ ದೆಹಲಿಯ ಅಪ್ಪಣೆಯೂ ಬೇಕಾಗಲಾರದು. ಸಂಗ್ರಾಹಕರೂ ಕಟ್ಟೆಯ ಮೇಲೆ ಕೂತು ಗೊಣಗಿದರೆ ಸಾಲದು. ಹಾಳಾಗಿ ಬಂದ ಲಕೋಟೆಯನ್ನು, ಅದರ ರಸೀದಿಯನ್ನು ಎತ್ತಿಟ್ಟುಕೊಳ್ಳಿ. ಮುಂದಿನ ಡಾಕ್ ಅದಾಲತ್‌ಗೆ ಎರಡೂ ತಾಲ್ಲೂಕಿನಿಂದ ಅರ್ಜಿಗಳು ಒಟ್ಟಿಗೆ ಹೋಗಲಿ, ಜೊತೆಗೆ ಆ ಲಕೋಟೆಗಳೂ ಹೋಗಲಿ.