ಹಿತ್ತಲಿಗೆ ಬಂದ ಬಾತುಗಳು

ಕೆರೆ ತುಂಬಿದ ವರ್ಷ ನಮ್ಮ ಬೆಳುಗುಪ್ಪದ ಹಿತ್ತಲಿಗೆ ಎರಡು ಬಾತುಕೋಳಿಗಳು ಬಂದು, ನಮ್ಮ ಕೋಳಿಗಳು ನೀರು ಕುಡಿಯುವ ತೊಟ್ಟಿಗೆ ಕೊಕ್ಕಿಟ್ಟುವು. ಕಾಡುಬಾತುಗಳಾದರೆ ಮನುಷ್ಯನನ್ನು ಕಂಡೊಡನೆ ಹಾರಿಹೋಗುತ್ತಿದ್ದುವು. ಇವು ಯಾರೋ ಸಾಕಿದವೆಂಬುದು ಸ್ಪಷ್ಟವಾಗಿತ್ತು. "ತಾವಾಗಿ ಬಂದ ಭಾಗ್ಯ, ಇರಲಿ ಬಿಡಿ" ಎಂದರು ಮನೆಯವರು. ಸಿಕ್ಕಿದ ಬಳಪವನ್ನೂ ಒಡೆಯನನ್ನು ಹುಡುಕಿ ಕೊಡಬೇಕೆಂದು ಮಕ್ಕಳಿಗೆ ಬೋಧಿಸುವ ನಾವು ಸುಮ್ಮನಿರುವುದೆಂತು? ಅಂದೇ ಸಂಜೆ ಓಣಿಗಳಲ್ಲಿ ವಿಚಾರಿಸಲು ಹುಡುಗರಿಗೆ ಹೇಳಿಕಳುಹಿಸಿದೆವು.

ಅದಕ್ಕಿಂತ ದೊಡ್ಡ ಚಿಂತೆ ರೋಗದ್ದು. ಗೂಡನ್ನೇ ಬರಿದುಮಾಡುವ ರಾಣಿಖೇತ್ ರೋಗದ ವಿಷಾಣುವನ್ನು ಬಾತು ತಾನು ನರಳದೆಯೇ ಹೊತ್ತು ತರಬಲ್ಲುದು. ಹಕ್ಕಿಜ್ವರವೂ ಹಾಗೆಯೇ, 2024ರ ಫೆಬ್ರವರಿಯಲ್ಲಿ ನಮ್ಮ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಅದರಿಂದ ಕೋಳಿಗಳು ಸತ್ತುದನ್ನು ಓದುಗರು ಮರೆತಿರಲಾರರು. ಆದುದರಿಂದ ಬಾತುಗಳಿಗೆ ಕೊಟ್ಟಿಗೆಯ ಮೂಲೆಯಲ್ಲಿ ತಡಿಕೆ ಕಟ್ಟಿ, ಬೇರೆ ಬೋಗುಣಿಯಲ್ಲಿ ತಲೆ ಮುಳುಗುವಷ್ಟು ನೀರಿಟ್ಟೆವು; ಕಣ್ಣುಮೂಗು ತೊಳೆದುಕೊಳ್ಳದೆ ಆ ಜಾತಿಗೆ ನಡೆಯದು. ತೊಟ್ಟಿಯನ್ನು ಉಜ್ಜಿ ಬಿಸಿಲಿನಲ್ಲಿ ಒಣಗಿಸಿದೆವು. ಮೊದಲು ಕೋಳಿಗಳಿಗೆ ಕಾಳು ಹಾಕಿ, ಅನಂತರವೇ ಬಾತುಗಳ ಬಳಿ ಹೋಗಿ, ಕೈಕಾಲು ತೊಳೆದು ಬರುತ್ತಿದ್ದೆವು.

ಮೂರನೆಯ ದಿನ ಹುಡುಗನೊಬ್ಬ ತನ್ನ ಅಜ್ಜಿಯನ್ನು ಕರೆತಂದ. ಬಾತುಗಳನ್ನು ಕಂಕುಳಿಗೇರಿಸಿಕೊಂಡು ಆಕೆ ಮೆಲ್ಲನೆ ಕೇಳಿದಳು: "ಮೇಷ್ಟ್ರೇ, ತತ್ತಿ ಇಟ್ಟವೇನು?"

ಮನೆಯವರು ಒಳಗಿನಿಂದ ಎರಡು ತತ್ತಿಗಳನ್ನು ತಂದಿತ್ತರು.