ಕಡಲಿಗೆ ಕರೆದವರು ಮನೆಯನ್ನೂ ಮುಟ್ಟಿಸಲಿ

ಮಾನ್ಯ ಪ್ರವಾಸೋದ್ಯಮ ಸಚಿವರೇ,

ಗಂಡನ ಜೊತೆ ಕಡಲು ನೋಡಲು ಹೋಗಿ ಒಬ್ಬಳೇ ಮನೆಗೆ ಬಂದವಳು ನಾನು. ಬಯಲುಸೀಮೆಯ ಊರೊಂದರಲ್ಲಿ ಶಾಲಾ ಶಿಕ್ಷಕಿ. ಪರಿಹಾರದ ಹಣ ಕೇಳಲು ಈ ಪತ್ರ ಬರೆಯುತ್ತಿಲ್ಲ. ದಸರಾ ರಜೆಯಲ್ಲಿ, ಡಿಸೆಂಬರಿನಲ್ಲಿ, ಬೇಸಿಗೆಯಲ್ಲಿ ಕರಾವಳಿಗೆ ಜೋಡಿಯಾಗಿ ಹೋಗಿ ಒಂಟಿಯಾಗಿ ಮರಳುವ ಹೆಂಡತಿಯರಿದ್ದಾರೆ, ಗಂಡಂದಿರಿದ್ದಾರೆ. ಅಂಥವರ ಸಂಖ್ಯೆ ಕಡಿಮೆ ಮಾಡುವುದು ಸರ್ಕಾರದ ಕೈಯಲ್ಲಿದೆ. ಹಾಗೆ ಮರಳಲೇಬೇಕಾಗಿ ಬಂದವರ ದಾರಿಯನ್ನು ಸ್ವಲ್ಪ ಹಗುರ ಮಾಡುವುದೂ ಅದರ ಕೈಯಲ್ಲೇ ಇದೆ. ಈ ಎರಡು ಮಾತು ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಈಜು ಬಾರದವರಲ್ಲ. ಚಿಕ್ಕಂದಿನಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತವರು. ಅವತ್ತು ಮಳೆಯಿರಲಿಲ್ಲ, ಗಾಳಿಯಿರಲಿಲ್ಲ. ಅಲೆ ಅಬ್ಬರಿಸುತ್ತಿದ್ದ ಕಡೆ ಬಿಟ್ಟು ನೀರು ಶಾಂತವಾಗಿದ್ದ ಕಡೆಯೇ ಇಳಿದರು. ಸೊಂಟದಷ್ಟು ನೀರಿನಲ್ಲಿ ನಿಂತಿದ್ದವರು ನೋಡನೋಡುತ್ತಿದ್ದಂತೆ ದೂರ ಹೋದರು. ದಡದತ್ತ ನೇರವಾಗಿ ಈಜುತ್ತಿದ್ದರು. ಈಜಿದಷ್ಟೂ ಹಿಂದೆ ಹೋಗುತ್ತಿದ್ದರು.

ಅದು ಏನೆಂದು ನನಗೆ ತಿಳಿದದ್ದು ಆಮೇಲೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಲೇಬೇಕು. ಮರಳಿನ ದಿಬ್ಬಗಳ ನಡುವಿನ ತಗ್ಗಿನಲ್ಲಿ, ಬಂಡೆಗಳ ಮಗ್ಗುಲಲ್ಲಿ ಅದು ಕಿರುಹೊಳೆಯಂತೆ ಕಡಲಿನತ್ತ ನುಗ್ಗುತ್ತದೆ. ಇದೇ ರಿಪ್ ಕರೆಂಟ್. ಅಲ್ಲಿ ಆಳ ಹೆಚ್ಚಾದ್ದರಿಂದ ಅಲೆ ಒಡೆಯುವುದು ಕಡಿಮೆ. ಹಾಗಾಗಿ ಇಡೀ ಬೀಚಿನಲ್ಲಿ ಅದೇ ನಂಬಬಹುದಾದ ಜಾಗವೆಂದು ಕಾಣುತ್ತದೆ. ಅದು ಮನುಷ್ಯರನ್ನು ತಳಕ್ಕೆ ಎಳೆಯುವುದಿಲ್ಲ, ಕಡಲಿನ ಒಳಕ್ಕೆ ಒಯ್ಯುತ್ತದೆ. ಎದುರಾಗಿ ಈಜಿದರೆ ಪಳಗಿದವರೂ ದಣಿದು ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಹರಿವಿನಿಂದ ಹೊರಬಂದರೆ, ಇಲ್ಲವೇ ತೇಲಿಕೊಂಡು ಕೈಯೆತ್ತಿ ಕರೆದರೆ ಬದುಕುವ ದಾರಿಯಿದೆ.

ಇಷ್ಟು ಸಣ್ಣ ತಿಳಿವಳಿಕೆಯನ್ನು ಚಿತ್ರದುರ್ಗದವರಿಗೆ, ಕಲಬುರಗಿಯವರಿಗೆ, ತುಮಕೂರಿನವರಿಗೆ ಯಾರು ಹೇಳಿದ್ದಾರೆ? ಕರಾವಳಿಯ ಮೀನುಗಾರರಿಗೆ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಅವರ ಯಾಂತ್ರೀಕೃತ ದೋಣಿಗಳು ಬಂದರಿನಲ್ಲೇ ನಿಲ್ಲುತ್ತವೆ. ಮೀನು ಸಂತತಿ ಉಳಿಯಲಿ ಎಂಬುದು ಒಂದು ಕಾರಣ, ಮಳೆಗಾಲದ ಕಡಲು ಜೀವಕ್ಕೆ ಅಪಾಯ ಎಂಬುದು ಇನ್ನೊಂದು. ಹುಟ್ಟಿದಂದಿನಿಂದ ಕಡಲಿನೊಂದಿಗೆ ಬಾಳಿದವರೇ ದೋಣಿ ಕಟ್ಟಿಹಾಕುವ ತಿಂಗಳುಗಳಲ್ಲಿ, ಕಡಲನ್ನು ಮೊದಲ ಸಲ ಕಂಡವರು ನೀರಿಗಿಳಿಯುತ್ತಾರೆ.

ಪ್ರತಿ ಸಾವಿನ ಬಳಿಕ ಪ್ರವಾಸಿಗರ ನಿರ್ಲಕ್ಷ್ಯವೇ ಕಾರಣವೆಂಬ ಹೇಳಿಕೆ ಬರುತ್ತದೆ. ಕುಡಿದು ನೀರಿಗಿಳಿಯುವವರಿದ್ದಾರೆ, ಕಾವಲುಗಾರರ ಮಾತು ಮೀರುವವರಿದ್ದಾರೆ, ಒಪ್ಪುತ್ತೇನೆ. ಆದರೆ 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಪ್ರವಾಸಕ್ಕೆ ಬಂದಿದ್ದ ಆ ಮಕ್ಕಳಿಗೆ ಕಡಲಿನ ಗುಣ ಗೊತ್ತಿರಬೇಕಿತ್ತು ಎಂದು ಹೇಳಲು ಯಾರಿಗೂ ಬಾಯಿ ಬಾರದು. ಅದು ಮಳೆಗಾಲವೂ ಅಲ್ಲ. ದುರಂತದ ಬಳಿಕ ಆ ಬೀಚಿಗೆ ಪ್ರವೇಶ ನಿರ್ಬಂಧಿಸಲಾಯಿತು. ಸಾವಾದ ಮೇಲೆ ಮುಚ್ಚುವುದು ಸುಲಭ. ತೆರೆದಿರುವ ಪ್ರತಿದಿನವೂ ಕಾಯುವುದು ಕೆಲಸ.

ಆ ಕೆಲಸ ನಮ್ಮಿಂದಾಗದ್ದೇನಲ್ಲ. ಪಡುಬಿದ್ರಿ ಮತ್ತು ಕಾಸರಕೋಡು ಬೀಚುಗಳಿಗೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಆ ಮನ್ನಣೆಯ ಷರತ್ತುಗಳಲ್ಲಿ ಜೀವರಕ್ಷಕ ವ್ಯವಸ್ಥೆ, ಪ್ರಥಮ ಚಿಕಿತ್ಸೆ ಎರಡೂ ಸೇರಿವೆ. ಗಡಿಯ ಮಾಜಾಳಿ ದಾಟಿದರೆ ಸಿಗುವ ಗೋವಾದಲ್ಲಿ 2008ರಿಂದ ತರಬೇತಿ ಪಡೆದ ಜೀವರಕ್ಷಕರ ಸೇವೆಯಿದೆ. ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು, ಕೆಂಪು ಬಾವುಟವಿದ್ದರೆ ಇಳಿಯಬಾರದು ಎಂಬ ಗುರುತನ್ನು ಓದು ಬಾರದವರೂ ಅರ್ಥಮಾಡಿಕೊಳ್ಳಬಲ್ಲರು. ಎರಡು ಬೀಚಿಗೆ ಸಾಧ್ಯವಾದದ್ದು, ಜಾಹೀರಾತು ಕೊಟ್ಟು ಜನರನ್ನು ಕರೆಯುವ ಉಳಿದ ಬೀಚುಗಳಿಗೂ ಸಾಧ್ಯವಾಗಬೇಕು.

ಜೀವರಕ್ಷಕರು ಮರಳಿನ ಮೇಲೆಯೇ ಇರಬೇಕು ಎನ್ನುವುದಕ್ಕೆ ಕಾರಣವಿದೆ. ಉಸಿರು ನಿಂತು ನಾಲ್ಕೈದು ನಿಮಿಷ ಕಳೆಯುವಷ್ಟರಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಅಷ್ಟರಲ್ಲಿ ತಾಲ್ಲೂಕು ಕೇಂದ್ರದಿಂದ ಆಂಬುಲೆನ್ಸ್ ಬರಲಾರದು. ಉತ್ತರ ಕನ್ನಡದ ಜನ ದೊಡ್ಡ ಆಸ್ಪತ್ರೆಗಾಗಿ 2022ರಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದರು; ಗಂಭೀರ ರೋಗಿಗಳನ್ನು ಮಣಿಪಾಲಕ್ಕೋ ಮಂಗಳೂರಿಗೋ ಸಾಗಿಸುವ ಪಾಡು ಅವರದು. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆಯೊತ್ತುವ ಕೈಗಳು ದಡದಲ್ಲೇ ಇದ್ದರೆ ಮಾತ್ರ ಆ ನಿಮಿಷಗಳು ಉಪಯೋಗಕ್ಕೆ ಬರುತ್ತವೆ. ನಮ್ಮವರನ್ನು ಎತ್ತಿ ತಂದದ್ದು ಊರಿನ ಮೀನುಗಾರ ಹುಡುಗರು. ಜೀವದ ಹಂಗು ತೊರೆದು ಹಾರಿದರು. ಅವರಿಗೆ ತರಬೇತಿಯಿರಲಿಲ್ಲ, ಸಲಕರಣೆಯಿರಲಿಲ್ಲ. ಅಂಥ ಹುಡುಗರಿಗೆ ತರಬೇತಿ ಕೊಟ್ಟು, ಹನ್ನೆರಡು ತಿಂಗಳೂ ಸಂಬಳ ಕೊಟ್ಟು, ವಿಮೆ ಮಾಡಿಸಿ ನೇಮಿಸಿಕೊಳ್ಳಿ. ಖಾರ್ವಿ, ಮೊಗವೀರ, ಅಂಬಿಗರ ಕೇರಿಗಳಲ್ಲಿ ಕಡಲನ್ನು ಓದಬಲ್ಲವರು ಬೇಕಾದಷ್ಟಿದ್ದಾರೆ.

ಇನ್ನು ಎರಡನೆಯ ಮಾತು. ಗಂಡ ತೀರಿಕೊಂಡ ಕೆಲವೇ ಗಂಟೆಗಳಲ್ಲಿ, ಒದ್ದೆ ಸೀರೆಯಲ್ಲೇ, ನಾನು ದೂರುದಾರಳಾದೆ. ಅಸಹಜ ಸಾವಿನ ಪ್ರಕರಣ ದಾಖಲಾಗಬೇಕು, ಪಂಚನಾಮೆಯಾಗಬೇಕು, ಮರಣೋತ್ತರ ಪರೀಕ್ಷೆಯಾಗಬೇಕು. ಅದು ಕಾನೂನು, ಬೇಡವೆನ್ನುವುದಿಲ್ಲ. ‘ನನ್ನ ಗಂಡನ ಸಾವಿನಲ್ಲಿ ಯಾರ ಮೇಲೂ ಸಂಶಯವಿಲ್ಲ’ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದೆ. ಮುಂದೇನು, ಎಷ್ಟು ಹೊತ್ತು, ಯಾರನ್ನು ಕೇಳಬೇಕು ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಶವ ಸಾಗಿಸುವ ಗಾಡಿಗೆ ಬಾಡಿಗೆ ಮಾತಾಡಬೇಕಾದವಳೂ ನಾನೇ. ಘಟ್ಟ ಹತ್ತಿ ಊರು ಸೇರಿದಾಗ ಮೊದಲು ಕೇಳಿದ ಮಾತು, ‘ಹೆಂಡತಿಯಾದವಳು ತಡೆಯಬಾರದಿತ್ತೇ?’ ಬೀಚಿನಲ್ಲಿ ಇಲ್ಲದ ಕಾವಲನ್ನು ಜನ ಹೆಂಡತಿಯಲ್ಲಿ ಹುಡುಕುತ್ತಾರೆ.

ಅಷ್ಟಕ್ಕೇ ಮುಗಿಯುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿಯಾಗಬೇಕು. ಮರಣ ಪ್ರಮಾಣಪತ್ರಕ್ಕೆ, ವಿಮೆಯವರು ಕೇಳುವ ಪೊಲೀಸ್ ವರದಿಗೆ, ಶವಪರೀಕ್ಷೆಯ ವರದಿಗೆ ಮತ್ತೆ ಅದೇ ಕರಾವಳಿಯ ಕಚೇರಿಗಳ ಬಾಗಿಲಿಗೆ ಹೋಗಬೇಕು. ಆ ಬಸ್ಸು ಹತ್ತುವುದಕ್ಕೆ ಎಷ್ಟು ಧೈರ್ಯ ಬೇಕೆಂದು ಹತ್ತಿದವರಿಗೇ ಗೊತ್ತು.

ನನಗಿಂತ ಕಷ್ಟದಲ್ಲಿರುವವರಿದ್ದಾರೆ. ಕಡಲು ದೇಹವನ್ನೂ ಕೊಡದಿದ್ದರೆ, ಸಾಕ್ಷ್ಯ ಕಾನೂನಿನಂತೆ ಏಳು ವರ್ಷ ಸುಳಿವಿಲ್ಲದಿದ್ದ ಮೇಲಷ್ಟೇ ಆ ವ್ಯಕ್ತಿ ಬದುಕಿಲ್ಲವೆಂದು ಭಾವಿಸಲಾಗುತ್ತದೆ. ಅಲ್ಲಿಯವರೆಗೆ ಅಂಥ ಹೆಣ್ಣಿನ ಗಂಡ ದಾಖಲೆಯಲ್ಲಿ ‘ಕಾಣೆಯಾದವರು’. ವಿಮೆಯಿಲ್ಲ, ವಿಧವಾ ವೇತನವಿಲ್ಲ, ಖಾತೆ ಬದಲಾವಣೆಯಿಲ್ಲ. ಇದಕ್ಕೆ ದಾರಿಯಿಲ್ಲದಿಲ್ಲ. 2021ರಲ್ಲಿ ಉತ್ತರಾಖಂಡದ ಚಮೋಲಿಯಲ್ಲಿ ಪ್ರವಾಹ ನುಗ್ಗಿ ಜನ ಕಣ್ಮರೆಯಾದಾಗ, ವಿಚಾರಣೆ ನಡೆಸಿ ಮರಣ ಪ್ರಮಾಣಪತ್ರ ನೀಡಲು ವಿಶೇಷ ಕ್ರಮ ಅನುಸರಿಸಲಾಯಿತು. ನೂರಾರು ಜನರ ಕಣ್ಣೆದುರು ಅಲೆಗೆ ಸಿಕ್ಕವರ ವಿಷಯದಲ್ಲೂ ಅಂಥ ಕ್ರಮಕ್ಕಾಗಿ ಕೇಂದ್ರದೊಂದಿಗೆ ಮಾತಾಡಿ.

ಮಾನ್ಯರೇ, ಬೇಡಿಕೆಗಳನ್ನು ಒಂದೆಡೆ ಸೇರಿಸಿ ಹೇಳುತ್ತೇನೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಪ್ರವಾಸಿ ಬೀಚುಗಳಲ್ಲೆಲ್ಲ ಬೆಳಗಿನಿಂದ ಸಂಜೆಯವರೆಗೆ ಜೀವರಕ್ಷಕರು ಮತ್ತು ಬಾವುಟಗಳಿರಲಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ದೊಡ್ಡ ಅಲೆಗಳ ಮುನ್ಸೂಚನೆ ಪ್ರತಿ ಹೋಂಸ್ಟೇ, ಲಾಡ್ಜ್, ಪ್ರವಾಸಿ ಬಸ್ಸಿಗೆ ಅಂದಂದೇ ತಲುಪಲಿ. ಕಡಲಿನಲ್ಲಿ ಸತ್ತವರ ಲೆಕ್ಕ ಬೀಚುವಾರು ಪ್ರಕಟವಾಗಲಿ. ಯಾವ ಬಂಡೆಯ ಬಳಿ ಮತ್ತೆ ಮತ್ತೆ ಸಾವಾಗುತ್ತಿದೆ ಎಂದು ಗೊತ್ತಾಗುವುದು ಆಗಲೇ. ಸಾವಾದ ಕಡೆ, ಉಳಿದವರ ಜೊತೆ ನಿಂತು ಠಾಣೆಯಿಂದ ಊರಿನವರೆಗಿನ ಕೆಲಸ ಮಾಡಿಸಿಕೊಡುವ ಒಬ್ಬ ಸಿಬ್ಬಂದಿ, ಉಚಿತ ವಾಹನ, ಮನೆಗೇ ಬರುವ ದಾಖಲೆಗಳು ಇರಲಿ.

ನೀವು ಕರೆದಿರೆಂದೇ ನಾವು ಬಂದದ್ದು. ಅತಿಥಿಯನ್ನು ಕರೆದವರ ಹೊಣೆ ದಡದ ತನಕ ಕರೆತಂದಲ್ಲಿಗೆ ತೀರುವುದಿಲ್ಲ. ಮುಂದಿನ ದಸರಾ ರಜೆಗೆ ಮುಂಚೆ ಯಾವ ಬೀಚಿನಲ್ಲಿ ಎಷ್ಟು ಜೀವರಕ್ಷಕರಿದ್ದಾರೆ ಎಂಬ ಪಟ್ಟಿಯನ್ನು ಜನರ ಮುಂದಿಡಿ. ಪಟ್ಟಿಯಲ್ಲಿ ಸೊನ್ನೆಯಿರುವ ಬೀಚಿನ ಚಿತ್ರವನ್ನು, ಆ ಸೊನ್ನೆ ಅಳಿಯುವವರೆಗೆ, ಜಾಹೀರಾತಿನಿಂದ ತೆಗೆಸಿ.

ಇಂತಿ,
ಒಬ್ಬ ಶಿಕ್ಷಕಿ